ಬಳೆಗಾರ, ಬ್ಯಾಲಗರ್, ಗ್ಯಾಲಗರ್

ಬೆಂಡಿಗೋ ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ.
ದಿನಕ್ಕೆ ನಲವತ್ತು ತೋಳು. ಪಟ್ಟಿ ಬಿಗಿದು, ನರ ತಡವಿ,
ಮುಷ್ಟಿ ಹಿಡೀರಿ ಅನ್ನುತ್ತೇನೆ.
ನಮ್ಮ ಮನೆತನ ತಲೆತಲಾಂತರ ಹೇಳಿದ್ದು ಇದಕ್ಕೆ ತದ್ವಿರುದ್ಧ:
ಕೈ ಸಡಿಲ ಬಿಡವ್ವ, ಹೂವಿನಂಗೆ ಬಿಡು.

ಶನಿವಾರ. ಹೊರಗೆ ನಲವತ್ತೆರಡು ಡಿಗ್ರಿ.
ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೈಕ್ರೋಫಿಲ್ಮಿನ ಯಂತ್ರ
ಮುದಿ ಬೆಕ್ಕಿನಂತೆ ಗುರುಗುಡುತ್ತದೆ.
ಹುಡುಕಹೋದದ್ದು ಆಸ್ಪತ್ರೆಯ ಹಳೇ ಚಿತ್ರ, ಯಾರದೋ ಬೀಳ್ಕೊಡುಗೆಗೆ.
ಸಿಕ್ಕಿದ್ದು ಪೊಲೀಸ್ ಗೆಜೆಟ್ಟಿನ ನಾಲ್ಕು ಸಾಲು, ತೊಂಬತ್ತೊಂಬತ್ತನೇ ಇಸವಿ, ಹಿಂದಿನ ಹಿಂದಿನ ಶತಮಾನ:
"ನನ್‌ಜೂನ್ ಬ್ಯಾಲಗರ್. ಮೈಸೂರು ಕಡೆಯವ. ಐದಡಿ ನಾಲ್ಕಂಗುಲ.
ಕಿವಿಯಲ್ಲಿ ಒಂಟಿ. ಬಲಗೈ ಮೇಲೆ ಚೇಳಿನ ಹಚ್ಚೆ.
ಪರವಾನಗಿಯಿಲ್ಲದೆ ಫೇರಿ ವ್ಯಾಪಾರ. ಹಿಡಿಯಹೋದ ಕಾನ್‌ಸ್ಟೇಬಲ್ಲನ ಹೆಂಡತಿಗೇ
ಒಂದು ಡಜನ್ ಗಾಜಿನ ಬಳೆ ಸಾಲ ಕೊಟ್ಟು ಪರಾರಿ."

ನಕ್ಕೆ. ಜೋರಾಯಿತೇನೋ, ಗ್ರಂಥಪಾಲಕ ತಲೆಯೆತ್ತಿದ.
ಆಮೇಲೆ ಆ ಚೇಳನ್ನು ಮತ್ತೊಮ್ಮೆ ಓದಿದೆ.
ಅಪ್ಪ ಹೇಳುತ್ತಿದ್ದ: ನಮ್ಮ ಮುತ್ತಜ್ಜನ ಅಪ್ಪ ನಂಜುಂಡ,
ಚೇಳು ಕುಟುಕಿದ ಜಾಗಕ್ಕೇ ಚೇಳಿನ ಹಚ್ಚೆ ಹುಯ್ಯಿಸಿಕೊಂಡ ಹುಂಬ,
ಮುಂಬಯಿಗೆ ಮಾಲು ತರಲು ಹೋದವನು
ಪ್ಲೇಗಿನಲ್ಲಿ ಹೋದ.

ಹೋಗಿರಲಿಲ್ಲ.
ಗುಮಾಸ್ತ ಕೇಳಿದ್ದು ಹೆಸರು, ಇವನು ಹೇಳಿದ್ದು ಕಸುಬು.
ಇನ್ನೊಬ್ಬ ಗುಮಾಸ್ತನ ಕಿವಿಯಲ್ಲಿ ಬಕಾರ ಗಕಾರವಾಗಿ
ಮದುವೆ ದಾಖಲೆಯ ಹೊತ್ತಿಗೆ ಅಪ್ಪಟ ಐರಿಷ್:
ನಾರ್ಮನ್ ಗ್ಯಾಲಗರ್, ಅವಿವಾಹಿತ.
ವಧು ಬ್ರಿಜೆಟ್ ಟೂಮಿ, ಬಟ್ಟೆ ಒಗೆಯುವವಳು.
ಈಗಲ್‌ಹಾಕ್ ಸಂತೆಯಲ್ಲಿ ಚೇಳಿನೆಣ್ಣೆ ಮಾರಿ (ಅದರಲ್ಲಿ ಚೇಳಿರಲಿಲ್ಲ) ಎರಡು ಪೌಂಡ್ ದಂಡ.
ಜೂಜಿನಲ್ಲಿ ಗಾಡಿ ಸೋತು, ಅದೇ ಗಾಡಿ ಕದ್ದು, ಮೂರು ತಿಂಗಳು ಸೆರೆ.
ಇತ್ತ ತಿಪಟೂರಿನಲ್ಲಿ ಮಹಾಲಯಕ್ಕೊಮ್ಮೆ ಎಡೆ ಇಟ್ಟು
ಕಾಗೆ ಕರೆದೆವು, ಅವನು ಬದುಕಿದ್ದ ಮೂವತ್ತನಾಲ್ಕು ವರ್ಷವೂ.
ಬಂದು ತಿಂದ ಕಾಗೆ ಯಾರ ಮನೆಯದೋ.

"ಎಂಥಾ ಖದೀಮ!" ಮೊರೀನ್ ಗ್ಯಾಲಗರ್ ತೊಡೆ ತಟ್ಟಿ ನಗುತ್ತಾಳೆ.
ಎಂಬತ್ತೊಂದು ವರ್ಷ, ಮೂಗಿನ ತುಂಬ ನಸುಗಂದು ಚುಕ್ಕೆ,
ವರಸೆಯಲ್ಲಿ ನನಗೆ ಅಜ್ಜಿ.
ಅವಳ ಅಪ್ಪ ಕೈ ಕುಲುಕುತ್ತಿರಲಿಲ್ಲವಂತೆ. ಯಾರ ಕೈ ಸಿಕ್ಕಲಿ,
ಹೆಬ್ಬೆರಳು ಒಳಕ್ಕೆ ಮಡಿಸಿ, ಗೆಣ್ಣು ಒತ್ತಿ, ಒತ್ತಿ, ಬಿಡುತ್ತಿದ್ದನಂತೆ.
ಯಾಕೆಂದು ಮನೆಯಲ್ಲಿ ಯಾರಿಗೂ ತಿಳಿಯದು.

ಕೊಡಿ ಇಲ್ಲಿ, ಅಂದೆ.
ಸಂಧಿವಾತಕ್ಕೆ ಗಂಟುಗಟ್ಟಿದ ಕೈ. ಸೂಜಿ ಹಿಡಿಯುವ ನನ್ನ ಬೆರಳಿಗೆ
ಯಾರೂ ಕಲಿಸಿರಲಿಲ್ಲ, ಆದರೂ ಜಾಗ ಸಿಕ್ಕಿತು.
ಇಲ್ಲದ ಬಳೆಯೊಂದು ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿಯಿತು.

ಚಹಾ ಬಗ್ಗಿಸುತ್ತ ಕೇಳಿದಳು:
"ಅಂದಹಾಗೆ ನೀನು ಯಾರ ಕಡೆಯವಳು?"

ಪುಟ್ಟಹೊನ್ನಮ್ಮ. ಬಳೆ ಒಡೆಸಿದಾಗ ಹತ್ತೊಂಬತ್ತು, ಐದು ತಿಂಗಳ ಬಸುರಿ.
ಆಮೇಲೆ ಐವತ್ತೊಂದು ವರ್ಷ
ಮೈದುನರ ಮಲಾರಕ್ಕೆ ಬಳೆ ಪೋಣಿಸಿದಳು,
ಹಸಿರು, ಹಳದಿ, ಚುಕ್ಕಿ, ಗೀರು,
ಒಂದಕ್ಕೂ ತನ್ನ ಕೈಯ ಅಳತೆ ಹಿಡಿಯದೆ.
ಏನನ್ನೂ ಕದಿಯಲಿಲ್ಲ; ಹಾಗಾಗಿ ಯಾವ ಸರ್ಕಾರವೂ
ಅವಳ ಎತ್ತರ ಬರೆದಿಟ್ಟಿಲ್ಲ.

ಮೊರೀನ್ ಕೆಟಲ್ ಕೆಳಗಿಟ್ಟಳು.
ಮೇಜಿನ ಮೇಲೆ ಅವಳದೇ ವಂಶವೃಕ್ಷ, ಮೊಮ್ಮಗನ ಶಾಲೆಯ ಹಾಳೆಯಲ್ಲಿ.
ನಾರ್ಮನ್‌ನ ಬಲಕ್ಕೆ ಬ್ರಿಜೆಟ್. ಎಡಕ್ಕೆ ಅಂಚು ಮಾತ್ರ, ಎರಡು ಬೆರಳಗಲ.
ಹೇಗೆ ಬರೆಯೋದು, ಒಂದೊಂದೇ ಅಕ್ಷರ ಹೇಳು, ಅಂದಳು.
ಹೇಳಿದೆ. ಹದಿಮೂರು ಅಕ್ಷರವಾಯಿತು ಅವರ ಲಿಪಿಯಲ್ಲಿ.
ಹೊನ್ನಿನ ನಡುವಿಗೆ ಹಾಳೆ ಮುಗಿಯಿತು.
ಒಂದು ಗಳಿಗೆ ಪೆನ್ನು ಹಿಡಿದು ಕೂತಳು.
ಆಮೇಲೆ ಮೇಜಿನ ಮರದ ಮೇಲೆಯೇ
ಮುಂದುವರಿಸಿದಳು.